ಊರ ಕಸಾಯಿಖಾನೆ ಮುಚ್ಚಿದರೆ ಕುರಿ ಹಡಗು ಹತ್ತಬೇಕು

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ನಾರ್ತ್ ರೊನಾಲ್ಡ್ಸೇ ಅಂತ ಒಂದು ಪುಟ್ಟ ದ್ವೀಪ. ಅಲ್ಲಿನ ಕುರಿಗಳು ಹುಲ್ಲಿಗಿಂತ ಕಡಲಪಾಚಿ ತಿನ್ನುವುದೇ ಜಾಸ್ತಿ. ಹೊಲಕ್ಕೆ ನುಗ್ಗದಿರಲಿ ಅಂತ 1832ರಲ್ಲಿ ಕಟ್ಟಿದ ಕಲ್ಲಿನ ಗೋಡೆಯ ಆಚೆ, ದಡದ ಬಂಡೆಗಳ ಮೇಲೆ ಮೇಯುತ್ತವೆ. ಆ ಮಾಂಸದ ರುಚಿಯೇ ಬೇರೆಯಂತೆ. ಆದರೆ 2018ರಲ್ಲಿ ಆರ್ಕ್ನಿಯ ಕಸಾಯಿಖಾನೆಗೆ ಬೀಗ ಬಿತ್ತು. ಕುರಿ ಕಡಿಸಲು ಹಡಗಿನಲ್ಲಿ ಸ್ಕಾಟ್ಲೆಂಡಿನ ಮುಖ್ಯ ನೆಲಕ್ಕೇ ಕಳಿಸಬೇಕಾಯಿತು.

1930ರ ದಶಕದಲ್ಲಿ ಬ್ರಿಟನ್‌ನಲ್ಲಿ ಸುಮಾರು 30,000 ಸಣ್ಣ ಕಸಾಯಿಖಾನೆಗಳಿದ್ದವು. ಮಾಂಸದಂಗಡಿಯ ಹಿತ್ತಲಲ್ಲೇ ಕಡಿಯುವ ಕಾಲ ಅದು. ಈಗ ಕುರಿ, ದನ, ಹಂದಿ ಕಡಿಯುವಂಥವು ಕೆಲವು ನೂರು ಮಾತ್ರ.

ಸೂಪರ್‌ಮಾರ್ಕೆಟ್‌ಗಳು ದೊಡ್ಡ ಘಟಕಗಳಿಂದ ಸಗಟಾಗಿ ಕೊಂಡಿದ್ದು ಒಂದು ಕಾರಣ. ನನ್ನ ಮಟ್ಟಿಗೆ ನಿಜವಾದ ಪೆಟ್ಟು ಬಿದ್ದಿದ್ದು 1990ರ ದಶಕದಲ್ಲಿ. ಯುರೋಪಿನ ನೈರ್ಮಲ್ಯ ನಿಯಮಗಳು ಬಂದವು. ಪಶುವೈದ್ಯರ ತಪಾಸಣೆ ಬೇಕು ಅಂದರು, ಸರಿಯೇ. ಆದರೆ ಶುಲ್ಕ ಗಂಟೆ ಲೆಕ್ಕದಲ್ಲಿತ್ತು. ಗಂಟೆಗೆ ನೂರಾರು ಪ್ರಾಣಿ ಕಡಿಯುವ ಕಡೆ ತಲೆಗೆ ಬೀಳುವ ಖರ್ಚು ಚಿಲ್ಲರೆ. ಐದಾರು ಕಡಿಯುವವನಿಗೆ? ಆಮೇಲೆ ಪ್ರಾಣಿ ಲೆಕ್ಕದ ಶುಲ್ಕ ತಂದರು. ಅಷ್ಟರಲ್ಲಿ ಎಷ್ಟೋ ಬಾಗಿಲು ಮುಚ್ಚಿದ್ದವು. ಹುಚ್ಚು ಹಸು ರೋಗದ ನಂತರ ಮಿದುಳು, ಬೆನ್ನುಹುರಿಯನ್ನು ಬೇರೆಯಾಗಿ ವಿಲೇವಾರಿ ಮಾಡುವ ಖರ್ಚೂ ಸೇರಿತು. ಒಂದು ಕಾಲಕ್ಕೆ ಕಾಸು ತರುತ್ತಿದ್ದ ಚರ್ಮವನ್ನು ಈಗ ಎಷ್ಟೋ ಕಡೆ ದುಡ್ಡು ಕೊಟ್ಟು ಸಾಗಿಸಬೇಕು.

ದೂರದ ಪ್ರಯಾಣದ ಅಪಾಯ ಕಂಡಿದ್ದು 2001ರ ಫೆಬ್ರುವರಿಯಲ್ಲಿ. ಇಂಗ್ಲೆಂಡಿನ ಎಸೆಕ್ಸ್‌ನ ಕಸಾಯಿಖಾನೆಯೊಂದರಲ್ಲಿ ಹಂದಿಗಳಿಗೆ ಕಾಲುಬಾಯಿ ರೋಗ ಪತ್ತೆಯಾಯಿತು. ಮೂಲ ಹುಡುಕಿದರೆ ಅದು 400 ಕಿ.ಮೀ.ಗೂ ಆಚೆ, ನಾರ್ತಂಬರ್ಲೆಂಡಿನ ಹಂದಿ ಫಾರ್ಮು! ಸಂತೆಯಿಂದ ಸಂತೆಗೆ ಹೋದ ಕುರಿಗಳು ರೋಗವನ್ನು ದೇಶದಲ್ಲೆಲ್ಲ ಹರಡಿದವು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು.

ರೈತರ ಕಷ್ಟ ಇನ್ನೊಂದು ಬಗೆಯದು. ತಮ್ಮದೇ ಕುರಿಯ ಮಾಂಸ ವಾಪಸ್ ಬಂದರೆ ತಾನೇ ಅದನ್ನು ಗಿರಾಕಿಗೆ ನೇರವಾಗಿ ಮಾರಲು ಸಾಧ್ಯ? ಎರಡು-ಮೂರು ಕುರಿ ತಂದವರಿಗಾಗಿ ಮಾಂಸ ಬೇರೆಯಾಗಿ ಎತ್ತಿಡುವ ತಾಪತ್ರಯ ದೊಡ್ಡ ಘಟಕಗಳಿಗೆ ಬೇಡ.

ಸಣ್ಣದಾದ ಮಾತ್ರಕ್ಕೆ ಕರುಣೆ ಜಾಸ್ತಿ ಅಂತೇನಿಲ್ಲ. 2018ರಲ್ಲಿ ಇಂಗ್ಲೆಂಡ್ ಎಲ್ಲ ಕಸಾಯಿಖಾನೆಗಳಿಗೂ ಸಿಸಿಟಿವಿ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಆದರೂ ಲಾರಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದು ತಪ್ಪಿದರೆ ಕುರಿಗೆ ಅಷ್ಟರಮಟ್ಟಿಗೆ ನೆಮ್ಮದಿ ಅಲ್ವಾ?

ಸರ್ಕಾರಕ್ಕೂ ತಡವಾಗಿ ಎಚ್ಚರವಾಯಿತು. 2023ರಲ್ಲಿ ಸಣ್ಣ ಕಸಾಯಿಖಾನೆಗಳ ಸಲಕರಣೆಗೆ 40 ಲಕ್ಷ ಪೌಂಡ್ ನಿಧಿ ಘೋಷಿಸಿತು. ಅದು ಇಂಗ್ಲೆಂಡಿಗೆ ಮಾತ್ರ. ಆರ್ಕ್ನಿ ಇರುವುದು ಸ್ಕಾಟ್ಲೆಂಡಿನಲ್ಲಿ.