ತೂಕಡಿಸುವ ಕೋಳಿಮರಿ: ಮೇವಿಗಿಂತ ಮೊದಲು ಕಾವು

ರೆಕ್ಕೆ ಇಳಿಬಿಟ್ಟು, ಕಣ್ಣು ಅರೆಮುಚ್ಚಿ, ಮೈಯ ತುಪ್ಪಳವನ್ನೆಲ್ಲ ಕೆದರಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿರುವ ಕೋಳಿಮರಿಯನ್ನು ಕಂಡ ಕೂಡಲೇ ಹಲವು ಮನೆಗಳಲ್ಲಿ ಅದರ ಕೊಕ್ಕು ಬಿಡಿಸಿ ನೀರನ್ನೋ ಅನ್ನದ ಅಗುಳನ್ನೋ ಒಳಗೆ ಹಾಕಲು ನೋಡುತ್ತಾರೆ. ಹಸಿವಿನಿಂದ ಸೊರಗಿದೆ ಎಂಬ ಮರುಕವೇ ಇದಕ್ಕೆ ಕಾರಣ. ಆದರೆ ಮೈ ತಣ್ಣಗಾದ ಮರಿಗೆ ಹೀಗೆ ಬಲವಂತವಾಗಿ ಉಣಿಸುವುದರಿಂದ ಅದು ಬದುಕುವ ಸಾಧ್ಯತೆ ಇನ್ನಷ್ಟು ಕುಗ್ಗುತ್ತದೆ. ಮೊದಲು ಕಾವು, ಅದರ ಬೆನ್ನಿಗೆ ನೀರು, ಮೈ ಬೆಚ್ಚಗಾದ ಮೇಲೆ ಮೇವು, ಕಾರಣ ತಿಳಿದ ಬಳಿಕವಷ್ಟೇ ಔಷಧಿ: ಮನೆಯ ಆರೈಕೆ ಸಾಗಬೇಕಾದ ಕ್ರಮ ಇದು.

ಮೊಟ್ಟೆಯೊಳಗೆ 21 ದಿನ ಕಳೆದು ಹೊರಬರುವ ಮರಿಯ ತೂಕ ಸುಮಾರು 40 ಗ್ರಾಂ. ನಾಟಿ ಮರಿಯಾದರೆ ಇನ್ನೂ ಕಡಿಮೆ. ಇಷ್ಟು ಪುಟ್ಟ ದೇಹದಲ್ಲಿ ಶಾಖ ಹುಟ್ಟಿಸುವ ಒಳಭಾಗ ಚಿಕ್ಕದು, ಶಾಖ ಕಳೆದುಕೊಳ್ಳುವ ಹೊರಮೈ ಮಾತ್ರ ತೂಕಕ್ಕೆ ಹೋಲಿಸಿದರೆ ಬಹಳ ದೊಡ್ಡದು. ಬೆಳೆದ ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಗತಾನೇ ಹುಟ್ಟಿದ ಮರಿಯದು ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ, ಅಷ್ಟನ್ನೂ ಅದು ಸ್ವಂತ ಬಲದಿಂದ ಕಾಯ್ದುಕೊಳ್ಳಲಾರದು. ಮೈಮೇಲಿನ ತುಪ್ಪಳ ಒಣಗಿದ್ದಾಗ ಒಂದಿಷ್ಟು ರಕ್ಷಣೆ ಕೊಡುತ್ತದೆ, ನೆನೆದರೆ ಅದೂ ಇಲ್ಲ. ಮನುಷ್ಯರ ಹಸುಗೂಸಿನಲ್ಲಿ ಶಾಖವನ್ನು ಹುಟ್ಟಿಸುವುದಕ್ಕೆಂದೇ ಇರುವ ಕಂದು ಕೊಬ್ಬು ಹಕ್ಕಿಗಳಲ್ಲಿ ಇಲ್ಲ. ಎರಡು ಮೂರು ವಾರಗಳಲ್ಲಿ ನಿಜವಾದ ಪುಕ್ಕ ಮೂಡಿ, ಮೈಶಾಖವನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಬಲಿಯುವವರೆಗೆ ಮರಿ ತಾಯಿಯ ರೆಕ್ಕೆಯಡಿಯ ಕಾವನ್ನೇ ನಂಬಿರುತ್ತದೆ. ಆದ್ದರಿಂದಲೇ ತಾಯಿಯಿಲ್ಲದೆ ಸಾಕುವ ಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಒದಗಿಸಿ, ಮುಂದೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಬರುತ್ತಾರೆ. ಜಾತ್ರೆ, ಸಂತೆಗಳಲ್ಲಿ ಬಣ್ಣ ಬಳಿದು ಮಾರುವ ಮರಿಗಳು ಬಹುಪಾಲು ಮೊಟ್ಟೆ ತಳಿಯ ಗಂಡುಮರಿಗಳು, ಫಾರಂಗಳಿಗೆ ಬೇಡವಾದವು. ಬಣ್ಣದ ನೀರಿನಲ್ಲಿ ನೆನೆದು, ದಿನವಿಡೀ ಗಾಳಿಗೆ ಒಡ್ಡಿಕೊಂಡು, ಕಾವಿಲ್ಲದೆ ಮನೆ ಸೇರುವ ಅವು ಮರುದಿನವೇ ತೂಕಡಿಸತೊಡಗಿದರೆ ಅದಕ್ಕೆ ರೋಗವೇ ಕಾರಣವಾಗಬೇಕಿಲ್ಲ, ಚಳಿಯಷ್ಟೇ ಸಾಕು.

ಮಂಕು ಎನ್ನುವುದು ತಾನೇ ಒಂದು ಕಾಯಿಲೆಯಲ್ಲ. ಸೋಂಕು ತಗುಲಿದಾಗ ರೋಗನಿರೋಧಕ ವ್ಯವಸ್ಥೆ ಬಿಡುಗಡೆ ಮಾಡುವ ರಾಸಾಯನಿಕ ಸಂದೇಶಗಳು ಮಿದುಳನ್ನು ತಲುಪಿ ಹಸಿವನ್ನು ತಗ್ಗಿಸುತ್ತವೆ, ಓಡಾಟವನ್ನು ನಿಲ್ಲಿಸುತ್ತವೆ, ನಿದ್ದೆ ಬರಿಸುತ್ತವೆ. ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲಿ ಇದನ್ನು ವಿವರಿಸುತ್ತ, ಕಾಯಿಲೆ ಬಿದ್ದ ಪ್ರಾಣಿಯ ಮಂಕು ಸೋಂಕಿನೊಡನೆ ಹೋರಾಡಲು ಶಕ್ತಿ ಉಳಿಸಿಕೊಳ್ಳುವ ದೇಹದ ಉಪಾಯ ಎಂದು ವಾದಿಸಿದರು. ಹೊರಗಿನಿಂದ ಕಾವು ಕೊಟ್ಟರೆ, ಮೈ ಬೆಚ್ಚಗಿಡಲು ಮರಿ ವ್ಯಯಿಸುತ್ತಿದ್ದ ಶಕ್ತಿ ಈ ಹೋರಾಟಕ್ಕೆ ಉಳಿಯುತ್ತದೆ. ಕಾರಣ ಚಳಿಯೇ ಆಗಿರಲಿ, ಸೋಂಕೇ ಆಗಿರಲಿ, ಮೊದಲ ಒಂದು ಗಂಟೆಯ ಉಪಚಾರ ಒಂದೇ ಎನ್ನುವುದು ಇದೇ ಕಾರಣಕ್ಕೆ.

ಅದಕ್ಕೂ ಮುನ್ನ ಮರಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಒಂದು ನಿಮಿಷ ನಿಧಾನವಾಗಿ ಪರೀಕ್ಷಿಸಬೇಕು. ಪಾದಗಳನ್ನು ಬೆರಳಿನಿಂದ ಮುಟ್ಟಿದಾಗ ತಣ್ಣಗಿದ್ದರೆ ಅದಕ್ಕೆ ಕಾವು ಸಾಲದು. ಕೊಕ್ಕು ತೆರೆದು ಏದುಸಿರು ಬಿಡುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ, ಪಾದವೂ ಬಿಸಿಯಾಗಿದ್ದರೆ ಕಾವು ಹೆಚ್ಚಾಗಿದೆ. ಸೆಕೆಯಿಂದಲೂ ಮರಿ ಮಂಕಾಗುತ್ತದೆ ಎಂಬುದನ್ನು ಮರೆಯಬಾರದು. ಚಳಿಯಾದ ಮರಿ ಮೊದಮೊದಲು ಜೋರಾಗಿ ಚೀರುತ್ತದೆ, ತೀರಾ ತಣ್ಣಗಾದ ಮೇಲೆ ಚೀರುವ ಶಕ್ತಿಯನ್ನೂ ಕಳೆದುಕೊಂಡು ಸುಮ್ಮನಾಗುತ್ತದೆ. ಕಿರುಚಾಟ ನಿಂತಿತೆಂದು ಸಮಾಧಾನಪಡುವ ಮೊದಲು ಪಾದ ಮುಟ್ಟಿ ನೋಡುವುದು ಒಳ್ಳೆಯದು. ಕೊರಳಿನ ಬುಡದಲ್ಲಿರುವ ಮೇವಿನ ಚೀಲ ಬರಿದಾಗಿದೆಯೇ, ಹೊಕ್ಕುಳ ಒಣಗಿದೆಯೇ ಅಥವಾ ಊದಿಕೊಂಡು ವಾಸನೆ ಬರುತ್ತಿದೆಯೇ, ಹಿಂಭಾಗದಲ್ಲಿ ಹಿಕ್ಕೆ ಅಂಟಿ ಒಣಗಿ ದ್ವಾರ ಮುಚ್ಚಿಹೋಗಿದೆಯೇ ಎಂದು ನೋಡಬೇಕು. ಈ ಕೊನೆಯ ತೊಂದರೆ ಎಳೆಯ ಮರಿಗಳಲ್ಲಿ ಬಹಳ ಸಾಮಾನ್ಯ. ಗಮನಿಸದೆ ಬಿಟ್ಟರೆ ಹಿಕ್ಕೆ ಹೊರಹೋಗಲಾರದೆ ಮರಿ ಸಾಯುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯನ್ನು ಅಲ್ಲಿಟ್ಟು, ಗಟ್ಟಿಯಾದದ್ದು ತಾನಾಗಿ ಕರಗುವವರೆಗೆ ಕಾಯಬೇಕು. ಎಳೆದು ಕಿತ್ತರೆ ಚರ್ಮವೂ ಕಿತ್ತುಬರುತ್ತದೆ. ಶುಚಿ ಮಾಡಿದ ಕೂಡಲೇ ಮರಿಯನ್ನು ಪೂರ್ತಿ ಒಣಗಿಸಬೇಕು.

ಕಾವು ಕೊಡಲು ಒಂದು ರಟ್ಟಿನ ಪೆಟ್ಟಿಗೆ ಸಾಕು. ತಳಕ್ಕೆ ಬರೀ ನುಣುಪಾದ ಕಾಗದ ಹಾಸಿದರೆ ಕಾಲು ಜಾರಿ ಅಗಲವಾಗುತ್ತವೆ, ಹಾಗಾಗಿ ಹಳೆಯ ಹತ್ತಿಬಟ್ಟೆ ಅಥವಾ ಒಣಗಿದ ಭತ್ತದ ಹೊಟ್ಟು ಹಾಸಬೇಕು. ಪೆಟ್ಟಿಗೆಯ ಒಂದು ತುದಿಯ ಮೇಲ್ಭಾಗದಲ್ಲಿ, ರಟ್ಟಿಗೂ ಬಟ್ಟೆಗೂ ತಾಗದಂತೆ ಭದ್ರವಾಗಿ, ಹಳೆಯ ಬಗೆಯ ತಂತಿಯ ಬಲ್ಬನ್ನು ತೂಗುಹಾಕಬೇಕು. ಈಗ ಮನೆಗಳಲ್ಲಿರುವುದು ಎಲ್‌ಇಡಿ ಬಲ್ಬುಗಳು. ಅವು ಕೋಣೆ ಬೆಳಗಲು ಒಳ್ಳೆಯವು, ಆದರೆ ಮರಿಗೆ ಬೇಕಾದಷ್ಟು ಶಾಖ ಅವುಗಳಿಂದ ಸಿಗದು. ಬೆಳಕು ಉರಿಯುತ್ತಿದೆ ಎಂದು ನಂಬಿ ಮಲಗಿದರೆ ಬೆಳಿಗ್ಗೆ ಮರಿ ಸತ್ತಿರಬಹುದು. ಕರೆಂಟಿಲ್ಲದಾಗ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಆರಿದಂತೆಲ್ಲ ಬದಲಿಸಬಹುದು. ಪೆಟ್ಟಿಗೆಯ ಇನ್ನೊಂದು ತುದಿ ತಂಪಾಗಿಯೇ ಇರಲಿ: ಸೆಕೆಯೆನಿಸಿದರೆ ಮರಿ ಅಲ್ಲಿಗೆ ಸರಿಯಬೇಕು. ನಡೆಯಲಾರದಷ್ಟು ನಿತ್ರಾಣವಾದ ಮರಿಯನ್ನು ಮಾತ್ರ ನಾವೇ ಆಗಾಗ ಮುಟ್ಟಿ ನೋಡಿ ಜಾಗ ಬದಲಿಸುತ್ತಿರಬೇಕು.

ಪಾದ ಬೆಚ್ಚಗಾಗಿ ಮರಿ ತಲೆಯೆತ್ತಿದ ಮೇಲೆ ನೀರಿನ ಸರದಿ. ಹಕ್ಕಿಗಳಿಗೆ ಶ್ವಾಸನಾಳದ ಬಾಯಿಯನ್ನು ಮುಚ್ಚುವ ಮುಚ್ಚಳವಿಲ್ಲ. ಆ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಸಿರಿಂಜಿನಿಂದ ಬಾಯೊಳಗೆ ನೀರು ಚಿಮ್ಮಿಸಿದರೆ ಅದು ನೇರ ಶ್ವಾಸಕೋಶ ಸೇರಬಹುದು, ಮತ್ತು ಅಲ್ಲಿಗೆ ಎಲ್ಲವೂ ಮುಗಿಯುತ್ತದೆ. ಕೊಕ್ಕಿನ ಬದಿಗೆ ಒಂದು ಹನಿ ತಾಗಿಸಿ, ಮರಿ ತಾನಾಗಿ ಕೊಕ್ಕಾಡಿಸಿ ತಲೆಯೆತ್ತಿ ನುಂಗಿದ್ದನ್ನು ಕಂಡ ಮೇಲೆಯೇ ಇನ್ನೊಂದು ಹನಿ ಕೊಡಬೇಕು. ಮೊದಲ ಕೆಲವು ಗಂಟೆ ಆ ನೀರಿಗೆ ಚೂರು ಬೆಲ್ಲ ಅಥವಾ ಗ್ಲೂಕೋಸ್ ಬೆರೆಸಿದರೆ ಕೂಡಲೇ ಶಕ್ತಿ ಸಿಗುತ್ತದೆ. ದಿನಗಟ್ಟಲೆ ಸಿಹಿನೀರು ಮುಂದುವರಿಸುವುದು ಬೇಡ. ಅದು ಬೇಗ ಹುಳಿಯುತ್ತದೆ, ಹಿಕ್ಕೆಯೂ ಅಂಟಂಟಾಗುತ್ತದೆ.

ಮೇವಿಗೆ ಆತುರವಿಲ್ಲ. ಹೊರಬರುವ ಮುನ್ನ ಮರಿ ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಸೆಳೆದುಕೊಂಡಿರುತ್ತದೆ, ಆ ಬುತ್ತಿ ಎರಡು ಮೂರು ದಿನ ಬಾಳುತ್ತದೆ. ಅದಕ್ಕಿಂತ ದೊಡ್ಡ ಮರಿಯಾದರೆ, ಚೆನ್ನಾಗಿ ಬೆಚ್ಚಗಾದ ಬಳಿಕ ಮರಿಗಳ ಸ್ಟಾರ್ಟರ್ ಮೇವನ್ನು ನೀರಿನಲ್ಲಿ ನೆನೆಸಿ ಅಥವಾ ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಮುಂದಿಟ್ಟು, ಬೆರಳಿನಿಂದ ಟಕ್ ಟಕ್ ಎಂದು ಕುಟ್ಟಿ ತೋರಿಸಬೇಕು. ತಾಯಿಕೋಳಿ ಕೊಕ್ಕಿನಿಂದ ಮಾಡುವುದೂ ಇದನ್ನೇ. ಅಕ್ಕಿ ನುಚ್ಚನ್ನಷ್ಟೇ ಹಾಕಿ ಸಾಕಿದ ಮರಿಗೆ ಪ್ರೋಟೀನೂ ಜೀವಸತ್ವಗಳೂ ಸಾಲುವುದಿಲ್ಲ. ಬೆರಳುಗಳು ಒಳಕ್ಕೆ ಸುರುಟಿಕೊಂಡು ಮರಿ ಮೊಣಕಾಲಿನ ಮೇಲೆ ಕುಳಿತಿದ್ದರೆ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಕೊರತೆಯನ್ನು ಶಂಕಿಸಬೇಕು. ಬೇಗ ಗುರುತಿಸಿದರೆ ಇದು ವಾಸಿಯಾಗುವ ತೊಂದರೆ.

ರೋಗವನ್ನು ಊಹಿಸಲು ಮರಿಯ ವಯಸ್ಸು ನೆರವಾಗುತ್ತದೆ. ಮೊದಲ ವಾರದಲ್ಲಿ ಚಳಿ, ನಿರ್ಜಲತೆ, ಹೊಕ್ಕುಳಿನ ಸೋಂಕು, ಹಾಗೂ ತಾಯಿಯಿಂದ ಮೊಟ್ಟೆಯ ಮೂಲಕವೇ ಬರುವ ಪುಲ್ಲೋರಮ್ ಎಂಬ ಬಿಳಿಭೇದಿ ಹೆಚ್ಚು. ಮೂರರಿಂದ ಆರು ವಾರದ ಮರಿ ತೂಕಡಿಸುತ್ತಿದ್ದು ಹಿಕ್ಕೆಯಲ್ಲಿ ರಕ್ತ ಕಂಡರೆ ಮೊದಲು ನೆನಪಾಗಬೇಕಾದದ್ದು ಕಾಕ್ಸಿಡಿಯೋಸಿಸ್. ಐಮೇರಿಯಾ ಎಂಬ ಏಕಕೋಶ ಪರಾವಲಂಬಿ ಕರುಳಿನ ಗೋಡೆಯೊಳಗೆ ಬೆಳೆದು ಅದನ್ನು ಸೀಳುತ್ತದೆ. ಹಿಕ್ಕೆಯೊಡನೆ ಹೊರಬೀಳುವ ಅದರ ಅಂಡಕೋಶಗಳು ಸೋಂಕು ಹರಡುವ ಸ್ಥಿತಿಗೆ ಬರಲು ತೇವ, ಬೆಚ್ಚಗಿನ ವಾತಾವರಣ ಮತ್ತು ಒಂದೆರಡು ದಿನ ಬೇಕು. ನೀರಿನ ತಟ್ಟೆಯ ಸುತ್ತ ಒದ್ದೆಯಾದ ಹೊಟ್ಟನ್ನು ದಿನವೂ ತೆಗೆದು ಹಾಕುವುದು ಔಷಧಿಯಷ್ಟೇ ಮುಖ್ಯವಾಗುವುದು ಇದರಿಂದ. ಆಂಪ್ರೋಲಿಯಂ ಎಂಬ ಔಷಧಿ ಬಿ1 ಜೀವಸತ್ವದ ವೇಷದಲ್ಲಿ ಪರಾವಲಂಬಿಯನ್ನು ಮೋಸಗೊಳಿಸಿ ಕೊಲ್ಲುತ್ತದೆ. ಅದನ್ನು ಕೊಡುವಾಗ ಜೊತೆಗೆ ವಿಟಮಿನ್ ಹನಿಯನ್ನೂ ಬೆರೆಸಿದರೆ ಔಷಧಿಯ ಕೆಲಸ ಕೆಡುತ್ತದೆ. ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯಬೇಕು. ಕತ್ತು ತಿರುಚುವಿಕೆ, ಹಸಿರು ಭೇದಿ, ಏದುಸಿರು ಒಟ್ಟಿಗೆ ಕಂಡು ಸಾಲಾಗಿ ಮರಿಗಳು ಸತ್ತರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ವೈರಸ್ ರೋಗವಿರಬಹುದು. ಈ ವೈರಸ್‌ಗೆ ಮದ್ದಿಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕಿಸುವ ಲಸಿಕೆಯ ಹನಿಯೇ ರಕ್ಷಣೆ. ಇಂಥ ಸಾವುಗಳನ್ನು ಪಶು ಆಸ್ಪತ್ರೆಗೆ ತಿಳಿಸಲೇಬೇಕು, ಏಕೆಂದರೆ ಹಕ್ಕಿಜ್ವರವೂ ಹೀಗೆಯೇ ಕಾಣಿಸಿಕೊಳ್ಳಬಹುದು.

ಮನೆಯಲ್ಲಿ ಉಳಿದ ಮನುಷ್ಯರ ಆಂಟಿಬಯೋಟಿಕ್ ಮಾತ್ರೆಯನ್ನು ಪುಡಿ ಮಾಡಿ ನೀರಿಗೆ ಬೆರೆಸುವ ರೂಢಿಯನ್ನು ಬಿಡಲೇಬೇಕು. ಚಳಿಗೂ ವೈರಸ್‌ಗೂ ಅದು ನಾಟುವುದಿಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಮಾತ್ರ ಬೆಳೆಸುತ್ತದೆ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಆತಂಕದಿಂದಲೇ.

ಕಾಯಿಲೆಯ ಮರಿಯನ್ನು ಉಳಿದವುಗಳಿಂದ ಬೇರೆ ಇಡಬೇಕು, ಆದರೆ ಅವುಗಳ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿಟ್ಟರೆ ಒಂಟಿಯಾದ ಮರಿ ಅಷ್ಟಾಗಿ ಕಂಗೆಡುವುದಿಲ್ಲ. ಮುಟ್ಟಿದವರು, ಅದರಲ್ಲೂ ಮಕ್ಕಳು, ಪ್ರತಿಸಲ ಸೋಪು ಹಚ್ಚಿ ಕೈ ತೊಳೆಯಬೇಕು. ಗಟ್ಟಿಮುಟ್ಟಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮರಿ ಸತ್ತರೆ ನಾಯಿ, ಕಾಗೆಗಳಿಗೆ ಸಿಗದಂತೆ ಆಳವಾಗಿ ಸುಣ್ಣ ಹಾಕಿ ಹೂಳಬೇಕು. ಚೇತರಿಸಿಕೊಂಡು ತಾನೇ ಮೇಯುತ್ತ, ಒಂದೆರಡು ದಿನ ಹಿಕ್ಕೆಯೂ ಸರಿಯಾಗಿದ್ದರೆ, ಕತ್ತಲಾದ ಮೇಲೆ ತಾಯಿಯ ರೆಕ್ಕೆಯಡಿಗೆ ಸರಿಸುವುದು ಲೇಸು, ಏಕೆಂದರೆ ಹಗಲಿನಲ್ಲಿ ತಂದು ಬಿಟ್ಟ ಮರಿಯನ್ನು ಹೇಂಟೆ ಕುಕ್ಕಿ ಅಟ್ಟುವುದುಂಟು.