ಪ್ರಾರ್ಥನೆ ಮಾಡಿದರೂ ಅದೇ ಶೋಧನೆ ಮತ್ತೆ ಮತ್ತೆ ಏಕೆ?

ಓದುಗರ ಪ್ರಶ್ನೆ: ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೇನೆ, ದಿನವೂ ಪ್ರಾರ್ಥಿಸುತ್ತೇನೆ. ಆದರೂ ರಾತ್ರಿ ಮೊಬೈಲ್ ಹಿಡಿದರೆ ನೋಡಬಾರದ್ದನ್ನು ನೋಡುತ್ತೇನೆ. ಐಪಿಎಲ್ ಬಂದರೆ ಬೆಟ್ಟಿಂಗ್ ಚಪಲ ಬೇರೆ. ಇನ್ನು ಮುಟ್ಟುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟು ವಾರದೊಳಗೆ ಮುರಿಯುತ್ತೇನೆ. ನನ್ನ ವಿಶ್ವಾಸವೇ ಪೊಳ್ಳೇ?

ಪೊಳ್ಳಲ್ಲ. ಶೋಧನೆ, ಎಂದರೆ ಪಾಪದ ಕಡೆಗೆ ಎಳೆಯುವ ಸೆಳೆತ, ಬರುವುದು ಬೇರೆ, ಪಾಪ ಮಾಡುವುದು ಬೇರೆ. ಯೇಸು ಎಲ್ಲ ವಿಷಯಗಳಲ್ಲೂ ನಮ್ಮ ಹಾಗೆಯೇ ಶೋಧನೆಗೆ ಒಳಗಾದರೂ ಪಾಪ ಮಾಡಲಿಲ್ಲ ಎನ್ನುತ್ತದೆ ಬೈಬಲಿನ ಇಬ್ರಿಯ 4:15. ಅಡವಿಯಲ್ಲಿ ಯೇಸುವನ್ನು ಶೋಧಿಸಿ ಸೋತ ಸೈತಾನನು ಕೂಡ ತಕ್ಕ ಸಮಯ ಬರುವ ತನಕ ಮಾತ್ರ ಬಿಟ್ಟುಹೋದನು (ಲೂಕ 4:13). ಹಾಗಾಗಿ ಮರಳಿ ಬಂದದ್ದಕ್ಕೆ ಗಾಬರಿ ಬೇಡ. ನಿಮ್ಮ ತೊಂದರೆ ಇರುವುದು ಹೋರಾಟ ಶುರುಮಾಡುವ ಹೊತ್ತಿನಲ್ಲಿ: ಬಹಳ ತಡವಾಗಿ ಶುರುಮಾಡುತ್ತಿದ್ದೀರಿ.

ಯಾಕೋಬ 1:14-15 ಓದಿ. ಆಶೆ ಮೊದಲು ಸೆಳೆಯುತ್ತದೆ, ಆಮೇಲೆ ಬಸುರಾಗುತ್ತದೆ, ಪಾಪವನ್ನು ಹೆರುತ್ತದೆ, ಆ ಪಾಪ ಬೆಳೆದು ಮರಣವನ್ನು ಹೆರುತ್ತದೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸಂನ್ಯಾಸಿ ಇವಾಗ್ರಿಯಸ್ ಇದನ್ನೇ ಹತ್ತಿರದಿಂದ ನೋಡಿ ಬರೆದರು: ಕೆಟ್ಟ ಯೋಚನೆ ಬಂದು ಕಾಡುವುದು ನಮ್ಮ ಕೈಯಲ್ಲಿಲ್ಲ, ಅದು ತಂಗುವುದೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿದೆ. ನಂತರ ಸಿನಾಯ್ ಬೆಟ್ಟದ ಮಠದ ಯೋಹಾನ ಕ್ಲಿಮಾಕಸ್ ಮೆಟ್ಟಿಲುಗಳನ್ನೇ ಗುರುತಿಸಿದರು. ಯೋಚನೆ ಬಂದು ತಾಕುತ್ತದೆ, ನಾವು ಅದರ ಜೊತೆ ಮಾತಿಗೆ ಕೂರುತ್ತೇವೆ, ಒಪ್ಪುತ್ತೇವೆ, ಕಡೆಗೆ ಸೆರೆಯಾಗುತ್ತೇವೆ. ತಾಕಿದ್ದರಲ್ಲಿ ತಪ್ಪಿಲ್ಲ. ‘ಐದೇ ನಿಮಿಷ ನೋಡಿ ಮಲಗೋಣ’, ‘ಇನ್ನೂರೇ ರೂಪಾಯಿ ತಾನೇ’ ಎಂದು ಮಾತಿಗೆ ಕೂತಲ್ಲೇ ಕೆಲಸ ಕೆಡುವುದು. ಹವ್ವಳು ಸರ್ಪಕ್ಕೆ ಉತ್ತರ ಕೊಡಲು ನಿಂತದ್ದೂ ಹೀಗೆಯೇ.

ಮಾತಿಗೆ ಕೂರದಿರಲು ಕೆಲವು ಶೋಧನೆಗಳಲ್ಲಿ ಜಾಗ ಬಿಡುವುದೊಂದೇ ದಾರಿ. ಸೈತಾನನನ್ನು ಎದುರಿಸಿರಿ ಎನ್ನುವ ಸತ್ಯವೇದವೇ (ಬೈಬಲೇ) ಜಾರತ್ವದ ವಿಷಯ ಬಂದಾಗ ಓಡಿಹೋಗಿರಿ ಎನ್ನುತ್ತದೆ (1 ಕೊರಿಂಥ 6:18). ಒಡೆಯ ಪೋಟೀಫರನ ಹೆಂಡತಿ ದಿನದಿನವೂ ಕರೆದಾಗ ಯೋಸೇಫನು ಒಪ್ಪಲಿಲ್ಲ, ಕೊನೆಗೆ ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ಅರಸ ದಾವೀದನಾದರೋ ಅರಸರು ಯುದ್ಧಕ್ಕೆ ಹೋಗುವ ಕಾಲದಲ್ಲಿ ಯೆರೂಸಲೇಮಿನಲ್ಲೇ ಉಳಿದು, ಸಂಜೆ ಹಾಸಿಗೆಯಿಂದೆದ್ದು ಮಾಳಿಗೆಯ ಮೇಲೆ ತಿರುಗಾಡುತ್ತಿದ್ದ. ಪರರ ಹೆಂಡತಿ ಬತ್ಷೆಬೆಯನ್ನು ಕಂಡು ಪಾಪಕ್ಕೆ ಬಿದ್ದದ್ದು ಆಮೇಲೆ.

ನಿಮ್ಮ ಮಾಳಿಗೆ ಯಾವುದು, ಯಾವ ಹೊತ್ತು ಎಂದು ಪತ್ತೆ ಮಾಡಿ. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಇರುವಾಗ ಎಂದಾದರೆ, ಹತ್ತಕ್ಕೇ ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ. ಅಲಾರಂ ಬೇಕು ಎಂಬ ನೆಪ ಏಳುತ್ತದೆ. ಒಂದು ಅಲಾರಂ ಗಡಿಯಾರ ಕೊಳ್ಳಿ. ಪಿ.ಜಿ.ಯಲ್ಲಿದ್ದರೆ ಫೋನನ್ನು ರೂಮ್‌ಮೇಟ್ ಕೈಗೆ ಕೊಡಿ. ಬೆಟ್ಟಿಂಗ್‌ಗೆ ಆ್ಯಪ್ ಅಳಿಸಿದರಷ್ಟೇ ಸಾಲದು, ಎರಡು ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳಬಹುದು. ಖಾತೆಯನ್ನೇ ಮುಚ್ಚಿ, ಸಂಬಳ ಬೀಳುವ ಬ್ಯಾಂಕ್ ಖಾತೆಯನ್ನು ಯುಪಿಐಯಿಂದ ಬಿಡಿಸಿ, ದಿನಖರ್ಚಿಗೆ ಬೇಕಾದಷ್ಟನ್ನು ಮಾತ್ರ ಬೇರೆ ಖಾತೆಯಲ್ಲಿಡಿ. ‘ಇದೆಲ್ಲ ಆತ್ಮಿಕವೇ?’ ಎಂದು ಕೇಳುವವರಿದ್ದಾರೆ. ಶೋಧನೆಯೊಳಗೆ ಸೇರಿಸಬೇಡ ಎಂದು ಪ್ರಾರ್ಥಿಸಿ ನಾವೇ ಅದರೊಳಗೆ ನಡೆದುಹೋಗುವುದು ಯಾವ ಆತ್ಮಿಕತೆ?

ವಚನಗಳ ಬಳಕೆಯಲ್ಲೂ ಒಂದು ಎಡವಟ್ಟು ಆಗುತ್ತದೆ. ಯೇಸು ಅಡವಿಯ ಮೂರು ಶೋಧನೆಗಳಿಗೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳಿಂದಲೇ ಉತ್ತರ ಕೊಟ್ಟರು, ಅದೂ ಅಳತೆಗೆ ಸರಿಯಾಗಿ: ಹಸಿವಿನ ಮಾತಿಗೆ ರೊಟ್ಟಿಯ ವಚನ, ಅಡ್ಡಬೀಳು ಎಂದಾಗ ಆರಾಧನೆಯ ವಚನ. ಸಿಕ್ಕಿದ ವಚನವನ್ನು ಮಂತ್ರದಂತೆ ಉದುರಿಸಿದರೆ ಪ್ರಯೋಜನವಿಲ್ಲ. ಸೈತಾನನಿಗೂ 91ನೇ ಕೀರ್ತನೆ ಬಾಯಿಗೆ ಬರುತ್ತಿತ್ತು. ನಿಮ್ಮ ಒಂದು ಶೋಧನೆಗೆ ತಕ್ಕ ಒಂದೇ ವಚನ ಕಂಠಪಾಠ ಮಾಡಿ. ಯೋಚನೆ ತಾಕಿದೊಡನೆ ಬಾಯಿಬಿಟ್ಟು ಹೇಳಿ, ಎದ್ದು ಕೋಣೆಯಿಂದ ಹೊರಗೆ ಬನ್ನಿ. ದುಡ್ಡಿನ ಆಸೆಗೆ ಇಬ್ರಿಯ 13:5, ಕಣ್ಣಿನ ಆಸೆಗೆ ಯೋಬ 31:1 ಒಪ್ಪುತ್ತವೆ.

ಇನ್ನು ಲೆಕ್ಕ ಇಡುವ ವಿಷಯ. ಯೇಸು ಸಭೆಯ (ಜೆಸ್ವಿಟ್ ಗುರುಗಳ ಸಂಘದ) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ, 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಪಡೆದ ಆತ್ಮಿಕ ಸಾಧನೆಗಳಲ್ಲಿ ಒಂದು ವಿಧಾನವಿದೆ. ಕಥೋಲಿಕರಲ್ಲದವರಿಗೂ ಅದು ಒಗ್ಗುತ್ತದೆ. ಒಂದೇ ಒಂದು ದೋಷ ಆರಿಸಿಕೊಳ್ಳಿ; ಎರಡು ಬೇಡ. ಬೆಳಗ್ಗೆ ಎದ್ದೊಡನೆ ಅದೊಂದರ ಬಗ್ಗೆ ನಿರ್ಧಾರ ಮಾಡಿ. ಮಧ್ಯಾಹ್ನದ ಊಟದ ನಂತರ ಮತ್ತು ರಾತ್ರಿ ಊಟದ ನಂತರ, ಕಳೆದ ಗಂಟೆಗಳನ್ನು ಒಂದೊಂದಾಗಿ ನೆನೆದು, ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕಿ ಇಡಿ. ದಿನಕ್ಕೆ ಎರಡು ಗೆರೆ: ಮೊದಲನೆಯದು ಬೆಳಗಿನದು, ಎರಡನೆಯದು ಮಧ್ಯಾಹ್ನದ ಮೇಲಿನದು. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ದುಃಖಪಡಿ. ನಾಲ್ಕು ಜನರ ನಡುವೆ ಇದ್ದರೂ ಯಾರಿಗೂ ಗೊತ್ತಾಗದು. ರಾತ್ರಿ ಎರಡೂ ಗೆರೆ ಹೋಲಿಸಿ, ಮರುದಿನ ಹಿಂದಿನ ದಿನದೊಂದಿಗೆ, ವಾರದ ಕೊನೆಗೆ ಹಿಂದಿನ ವಾರದೊಂದಿಗೆ. ಚುಕ್ಕಿಗಳು ಎಲ್ಲಿ ಗುಂಪುಗೂಡುತ್ತವೆ ಎಂಬುದು ಒಂದೆರಡು ವಾರದಲ್ಲಿ ಕಾಣತೊಡಗುತ್ತದೆ. ಪಕ್ಕದಲ್ಲಿ ‘ಜಗಳ ಆಗಿತ್ತು’, ‘ನಿದ್ದೆಗೆಟ್ಟಿದ್ದೆ’ ಎಂದು ಎರಡು ಪದ ಗೀಚಿಕೊಳ್ಳುವುದೂ ಒಳ್ಳೆಯದು. ‘ಇನ್ನೆಂದಿಗೂ ಇಲ್ಲ’ ಎಂಬ ಹರಕೆಯಾದರೋ ಒಂದು ಸಲ ಮುರಿದರೆ ಪೂರ್ತಿ ಮುರಿದಂತೆ. ‘ಹೇಗೂ ಹೋಯಿತಲ್ಲ’ ಎಂದು ಅವತ್ತಿನ ರಾತ್ರಿಯೂ ಹೋಗುತ್ತದೆ. ನಿಮ್ಮ ಮಾತು ಮುರಿಯುತ್ತಿರುವುದು ಹೀಗೆಯೇ.

ಬಿಟ್ಟ ಜಾಗವನ್ನು ತುಂಬದಿದ್ದರೆ ಮತ್ತಾಯ 12:43-45ರ ಗುಡಿಸಿಟ್ಟ ಖಾಲಿ ಮನೆಯ ಗತಿ: ಬಿಟ್ಟುಹೋದ ದೆವ್ವ ಇನ್ನೂ ಏಳು ದೆವ್ವಗಳನ್ನು ಕರೆತಂದು ಸೇರಿಕೊಂಡಿತು. ರಾತ್ರಿಯ ಆ ಒಂದು ಗಂಟೆಗೆ ಬೇರೆ ಕೆಲಸ ಗೊತ್ತುಮಾಡಿ: ಸಭೆಯ ಗಾಯನ ತಂಡದ ಅಭ್ಯಾಸ, ಊರಿಗೆ ಫೋನ್, ನಾಳೆಯ ಬುತ್ತಿಗೆ ತರಕಾರಿ ಹೆಚ್ಚುವುದು, ಯಾವುದಾದರೂ ಸರಿ.

ಗುಟ್ಟು ಮಾಡಬೇಡಿ. ವೈರಿಗೆ ಗುಟ್ಟೇ ಬಲ ಎಂದು ಇಗ್ನೇಷಿಯಸ್ ಕೂಡ ಎಚ್ಚರಿಸಿದ್ದರು. ಕಥೋಲಿಕರಿಗೆ ಪಾಪನಿವೇದನೆ ಇದೆ. ಉಳಿದವರು ಸಭಾಪಾಲಕರಿಗೋ, ನಂಬಿಕೆಗೆ ಅರ್ಹವಾದ ಹಿರಿಯರೊಬ್ಬರಿಗೋ ಹೇಳಲಿ. ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಹೇಳಿಕೊಂಡರೆ ಕ್ಷೇಮ. ಪ್ರಾರ್ಥನಾ ಕೂಟದ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಅದು ಊರೆಲ್ಲ ತಿರುಗುತ್ತದೆ. ಬಿದ್ದ ವಾರವೇ ನಾಚಿ ಆರಾಧನೆ ತಪ್ಪಿಸಿದರೆ ಮುಂದಿನ ವಾರವೂ ತಪ್ಪುತ್ತದೆ, ಬಿದ್ದರೂ ಹೋಗಿ.

ಸಾಲ ಮಾಡಿ ಆಡುತ್ತಿದ್ದರೆ, ನಿಲ್ಲಿಸಿದಾಗ ಕೈಕಾಲು ಆಡದಷ್ಟು ಚಡಪಡಿಕೆ ಬಂದರೆ, ಅದು ಚಟವಾಗಿ ಬಲಿತಿದೆ. ಆಗ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು, ಜ್ವರಕ್ಕೆ ಹೋಗುವಂತೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್-ಇಂಟರ್ನೆಟ್ ಗೀಳಿಗೆಂದೇ ‘ಶಟ್’ ಚಿಕಿತ್ಸಾಲಯವಿದೆ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು.