ಎಲ್ಲಾ ರಿಪೋರ್ಟ್ ನಾರ್ಮಲ್, ಆದ್ರೂ ಸುಸ್ತು

"ನಂಗೆ ಡಿಪ್ರೆಶನ್ ಆಗಿದೆ ಡಾಕ್ಟ್ರೇ" ಅಂತ ನೇರವಾಗಿ ಹೇಳ್ಕೊಂಡು ನಮ್ಮ ಓಪಿಡಿಗೆ ಬರೋರು ಹೆಚ್ಚಾಗಿ ಕಾಲೇಜು ಹುಡುಗ್ರು, ಐಟಿ ಕೆಲಸದೋರು. ಉಳಿದೋರು ಹೇಳೋದೇ ಬೇರೆ. ತಲೆ ಭಾರ, ಎದೆ ಹಿಡ್ದಂಗಾಗುತ್ತೆ, ಹೊಟ್ಟೆ ತುಂಬಾ ಗ್ಯಾಸು, ಕೈಕಾಲು ಜೋಮು, ಎದ್ದಾಗಿಂದ ಮಲಗೋವರೆಗೂ ಸುಸ್ತು. ಅಷ್ಟೊತ್ತಿಗೆ ಇಸಿಜಿ, ಎಂಡೋಸ್ಕೋಪಿ, ತಲೆ ಸ್ಕ್ಯಾನು ಎಲ್ಲಾ ಮುಗಿದಿರುತ್ತೆ, ಎಲ್ಲದರಲ್ಲೂ ನಾರ್ಮಲ್. ನಾರ್ಮಲ್ ಅಂತ ಬಂದ್ಮೇಲೆ ಮನೆಯೋರಿಗೆ ಇವ್ರು ಸುಮ್ನೆ ನಾಟಕ ಆಡ್ತಿದಾರೇನೋ ಅಂತ ಅನುಮಾನ, ಇವ್ರಿಗೆ ಯಾವ್ದೋ ದೊಡ್ಡ ಕಾಯಿಲೆ ಯಾರ ಕೈಗೂ ಸಿಕ್ತಿಲ್ಲ ಅಂತ ಭಯ. ಎರಡೂ ಸರಿಯಲ್ಲ, ಎಷ್ಟೋ ಸಲ ಇದೂ ಡಿಪ್ರೆಶನ್ನೇ. ನೋವು ನಿಜವಾದ ನೋವೇ, ನಿದ್ದೆ, ಹಸಿವು, ನೋವಿನ ಅನುಭವ, ಉತ್ಸಾಹ ಇವನ್ನೆಲ್ಲ ನಡೆಸೋದು ಮೆದುಳು ತಾನೇ, ಅಲ್ಲಿ ಎಡವಟ್ಟಾದ್ರೆ ಮೈಗೆ ಗೊತ್ತಾಗದೇ ಇರುತ್ತಾ?

ಹಾಗಾಗಿ ನಾನು "ಬೇಜಾರಿದೆಯಾ" ಅಂತ ಶುರು ಮಾಡೋದು ಕಮ್ಮಿ. ಹಾಗೆ ಕೇಳಿದ್ರೆ "ಇಲ್ಲ ಸರ್, ಬೇಜಾರು ಏನಿಲ್ಲ, ಸುಸ್ತು ಒಂದು ಹೋದ್ರೆ ಸಾಕು" ಅಂತಾರೆ. ನಿದ್ದೆಯಿಂದ ಶುರು ಮಾಡ್ತೀನಿ. ಮಲಗಿದ್ರೆ ನಿದ್ದೆ ಬರ್ದೇ ಇರೋದು ಟೆನ್ಶನ್ ಇರೋರಿಗೆಲ್ಲ ಇರುತ್ತೆ, ಆದ್ರೆ ಬೆಳಗಿನ ಜಾವ ಮೂರು ನಾಲ್ಕಕ್ಕೇ ಎಚ್ಚರ ಆಗಿ ಮತ್ತೆ ನಿದ್ದೆ ಹತ್ತದೆ ಹಾಸಿಗೆಲೇ ಇಲ್ಲದ್ದೆಲ್ಲ ಯೋಚನೆ ಮಾಡ್ತಾ ಬಿದ್ದಿರೋದು, ಬೆಳಗ್ಗೆ ಹೊತ್ತು ಮನಸ್ಸು ತೀರಾ ಭಾರ ಇದ್ದು ಸಂಜೆಗೆ ಸ್ವಲ್ಪ ಹಗುರ ಆಗೋದು, ಇದನ್ನ ಕೇಳಿದ್ರೆ ನನ್ನ ಕಿವಿ ನೆಟ್ಟಗಾಗುತ್ತೆ. ಆಮೇಲೆ ಮೊದಲು ಖುಷಿ ಕೊಡ್ತಿದ್ದ ಕೆಲಸದ ಬಗ್ಗೆ ಕೇಳ್ತೀನಿ. ಸೀರಿಯಲ್ ನೋಡ್ತೀರಾ ಈಗ? ಮೊಮ್ಮಗು ಬಂದ್ರೆ ಎತ್ಕೋಬೇಕು ಅನ್ಸುತ್ತಾ? "ಟೀವಿ ಹಾಕಿರ್ತಾರೆ, ನಾನು ಕೂತಿರ್ತೀನಿ ಅಷ್ಟೇ" ಅನ್ನೋ ಉತ್ತರ ಬಂತು ಅಂದ್ರೆ ಅರ್ಧ ರೋಗನಿರ್ಣಯ ಆದಂಗೆ.

ಡಿಪ್ರೆಶನ್ ಅನ್ನೋಕೆ ನಮ್ಮ ಡಾಕ್ಟ್ರು ಪುಸ್ತಕದ ಲೆಕ್ಕ ಹೀಗಿದೆ. ಮನಸ್ಸು ಕುಗ್ಗಿರೋದು ಇಲ್ಲಾ ಯಾವ್ದ್ರಲ್ಲೂ ಆಸಕ್ತಿ ಇಲ್ದೇ ಇರೋದು, ಇವೆರಡರಲ್ಲಿ ಒಂದಾದ್ರೂ ಇರಬೇಕು, ಅದರ ಜೊತೆ ನಿದ್ದೆ, ಹಸಿವು ಅಥವಾ ತೂಕದಲ್ಲಿ ಏರುಪೇರು, ಸುಸ್ತು, ಮಾತು ನಡಿಗೆ ನಿಧಾನ ಆಗೋದು ಅಥವಾ ಚಡಪಡಿಕೆ, ಗಮನ ನಿಲ್ಲದೇ ಇರೋದು, ತಾನು ಯಾರಿಗೂ ಬೇಡ ಎಲ್ಲಾ ತನ್ನದೇ ತಪ್ಪು ಅನ್ಸೋದು, ಸಾವಿನ ಯೋಚನೆ, ಒಟ್ಟು 9ರಲ್ಲಿ 5 ಲಕ್ಷಣ, ಕನಿಷ್ಠ 2 ವಾರ, ಹೆಚ್ಚುಕಮ್ಮಿ ದಿನಾಲೂ, ದಿನದ ಕೆಲಸಕ್ಕೇ ತೊಂದರೆ ಆಗೋ ಮಟ್ಟಕ್ಕೆ. ಮನೇಲಿ ಸಾವಾಗಿದೆ, ಪರೀಕ್ಷೆ ಫೇಲ್ ಆಗಿದೆ ಅಂತ ನಾಲ್ಕು ದಿನ ಅತ್ರೆ ಅದು ಕಾಯಿಲೆ ಅಲ್ಲ. ಗಂಡಸರಲ್ಲಿ ಎಷ್ಟೋ ಸಲ ಕಾಣೋದು ಸಿಡುಕು, ಕುಡಿತ ಜಾಸ್ತಿ ಆಗೋದು. ವಯಸ್ಸಾದೋರಲ್ಲಿ ಮರೆವು ಬಂದಂಗೇ ಕಾಣುತ್ತೆ, ಮರೆವಿನ ಕಾಯಿಲೆ ಅಂತ ಕರ್ಕೊಂಡು ಬಂದ ಅಜ್ಜ ಡಿಪ್ರೆಶನ್ ಮಾತ್ರೆಗೇ ಚುರುಕಾಗೋದೂ ಉಂಟು.

"ಏನೂ ಕಷ್ಟ ಇಲ್ಲ ಇವ್ಳಿಗೆ, ಮನೆ ಇದೆ ಮಕ್ಳಿದಾರೆ, ಯಾಕೆ ಬಂತು?" ಇದು ಗಂಡಂದಿರ ಖಾಯಂ ಪ್ರಶ್ನೆ. ಕಷ್ಟ ಇದ್ರೇನೇ ಬರ್ಬೇಕು ಅಂತಿಲ್ಲ ಸ್ವಾಮಿ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಇವ್ರಲ್ಲಿ ಯಾರಿಗಾದ್ರೂ ಇದ್ರೆ ಬರೋ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು, ಹಾಗಂತ ಬಂದೇ ಬರುತ್ತೆ ಅಂತಲ್ಲ. ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು ಕಾಣುತ್ತೆ, ಅದಕ್ಕೆ ಹಾರ್ಮೋನು ಒಂದೇ ಕಾರಣ ಅಂದ್ಬಿಟ್ರೆ ಸುಲಭ, ಹೊಡ್ಯೋ ಗಂಡ, ಮೂರು ಹೊತ್ತಿನ ಚಾಕರಿ ಇವೆಲ್ಲ ಲೆಕ್ಕಕ್ಕೆ ಬರಲ್ವಾ? ಬಾಣಂತಿಯರ ಡಿಪ್ರೆಶನ್ ಅಂತೂ ನಮ್ಮಲ್ಲಿ ತೀರಾ ಕಡೆಗಣಿಸಿರೋ ವಿಷ್ಯ. ಹೆರಿಗೆ ಆದ ಮೂರ್ನಾಲ್ಕು ದಿನಕ್ಕೆ ಅಳು ಬರೋದು, ಎರಡು ವಾರದೊಳಗೆ ತಾನೇ ಹೋಗೋದು ಸಹಜ, ಆದ್ರೆ ವಾರಗಟ್ಟಲೆ ಮಗು ಮುಖ ನೋಡೋಕೂ ಮನಸ್ಸಿಲ್ಲ ಅಂದ್ರೆ ದೃಷ್ಟಿ ತೆಗೆದು ಸುಮ್ನಾಗ್ಬೇಡಿ, ತೋರಿಸಿ.

ಮೈಯಿನ ಕಾಯಿಲೆಗಳೂ ಇವೆ. ಥೈರಾಯ್ಡ್ ಕಮ್ಮಿ ಇದ್ರೆ, ಬಿ12 ಕಮ್ಮಿ ಇದ್ರೆ, ರಕ್ತಹೀನತೆ ಇದ್ರೆ ಹೆಚ್ಚುಕಮ್ಮಿ ಇದೇ ಚಿತ್ರ, ಅದಕ್ಕೇ ಮೊದಲ ಭೇಟಿಲೇ ರಕ್ತ ಪರೀಕ್ಷೆ ಬರೆಯೋದು, ದುಡ್ಡು ಕೀಳೋಕಲ್ಲ. ಸಕ್ಕರೆ ಕಾಯಿಲೆ, ಹಾರ್ಟ್ ಅಟ್ಯಾಕ್, ಲಕ್ವ ಆದೋರಲ್ಲಿ ಡಿಪ್ರೆಶನ್ ಜಾಸ್ತಿ, ಲಕ್ವ ಆದ್ಮೇಲಂತೂ ಹತ್ತಿರ ಹತ್ತಿರ ಮೂರರಲ್ಲಿ ಒಬ್ರಿಗೆ. ಸ್ಟಿರಾಯ್ಡ್ ಮಾತ್ರೆಗಳಿಂದ್ಲೂ ಬರಬಹುದು. ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ಕಿರುಕುಳ ಅನುಭವಿಸಿದೋರು, ಸಾಲದಲ್ಲಿರೋರು, ಒಂಟಿಯಾಗಿರೋರು ಇವ್ರಿಗೂ ಅಪಾಯ ಹೆಚ್ಚು. ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಕಮ್ಮಿ ಆಗಿದೆ ಅಂತ ನಾವು ಡಾಕ್ಟ್ರುಗಳೇ ಹೇಳಿ ಮುಗಿಸ್ತೀವಿ, ವಿಷಯ ಅಷ್ಟು ಸರಳ ಇಲ್ಲ.

ಇನ್ನೊಂದು ಪ್ರಶ್ನೆ ಮರೀದೇ ಕೇಳ್ತೀನಿ: ಹಿಂದೆ ಯಾವಾಗ್ಲಾದ್ರೂ ನಿದ್ದೆ ಇಲ್ದೆ ಸಿಕ್ಕಾಪಟ್ಟೆ ಹುರುಪು, ವಿಪರೀತ ಮಾತು, ದುಡ್ಡು ಚೆಲ್ಲಾಡಿದ್ದು ಇತ್ತಾ? ಇತ್ತು ಅಂದ್ರೆ ಅದು ಬೈಪೋಲಾರ್, ಅಂದ್ರೆ ಒಮ್ಮೆ ವಿಪರೀತ ಹುರುಪು ಒಮ್ಮೆ ಕುಗ್ಗೋ ಕಾಯಿಲೆ ಇರಬಹುದು, ಅವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ರೆ ಎಡವಟ್ಟಾಗಬಹುದು. ಪಕ್ಕದ ಮನೆಯವರ ಮಾತ್ರೆ ನುಂಗ್ಬೇಡಿ ಅನ್ನೋದು ಇದಕ್ಕೇ.

ಮಾತ್ರೆ ಚಟ ಹಿಡಿಸುತ್ತೆ ಅಂತ ಹೆದರೋರು ಬಹಳ. ಡಿಪ್ರೆಶನ್ ಮಾತ್ರೆಗೆ ಆ ಥರ ಚಟ ಇಲ್ಲ, ಆದ್ರೆ ಥಟ್ ಅಂತ ನಿಲ್ಲಿಸಬಾರ್ದು. ಕೆಲಸ ಮಾಡೋಕೆ 2ರಿಂದ 4 ವಾರ ಬೇಕು, ವಾಕರಿಕೆ ಮಾತ್ರ ಮೊದಲ ವಾರವೇ ಬರುತ್ತೆ, ಹಾಗಾಗಿ ಐದನೇ ದಿನಕ್ಕೇ ಬಿಟ್ಟುಬಿಡ್ತಾರೆ.

ಸಾಯೋ ಯೋಚನೆ ಬರುತ್ತಾ ಅಂತ ಕೇಳೋಕೆ ಮನೆಯೋರು ಹಿಂಜರೀತಾರೆ, ಕೇಳಿದ್ರೆ ತಲೇಲಿ ಹಾಕ್ದಂಗಾಗುತ್ತೆ ಅಂತ. ಹಾಗಾಗಲ್ಲ, ಕೇಳಿ. ಹೌದು ಅಂದ್ರೆ ಒಬ್ರನ್ನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಮಾತಾಡೋಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ, ಕನ್ನಡದಲ್ಲೂ, ಫ್ರೀ. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲೂ ಹುಷಾರು, ಯಾಕಂದ್ರೆ ಕೆಲವರಲ್ಲಿ ನಿದ್ದೆ, ಓಡಾಡೋ ಶಕ್ತಿ ಮೊದಲು ವಾಪಸ್ ಬರುತ್ತೆ, ಒಳಗಿನ ನಿರಾಸೆ ಆಮೇಲೆ ಹೋಗುತ್ತೆ. ಅಲ್ಲೀವರೆಗೆ ಮಾತ್ರೆ ಸ್ಟ್ರಿಪ್ಪು ಮನೆಯೋರ ಹತ್ರ ಇರ್ಲಿ, ಹೊಲಕ್ಕೆ ತಂದ ಔಷಧಿಗೆ ಬೀಗ ಹಾಕಿರಿ.